ಕೆಂಪು ಊರಿನ ಸೋಮವಾರ

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿಯತ್ತ ಹೊರಳಿದ ಮೇಲೆ ಕಿಟಕಿಯ ಗಾಜನ್ನು ನಾಲ್ಕು ಬೆರಳಿನಷ್ಟು ಸರಿಸಿ ಕೂತರೆ ಸಾಕು, ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಫೆಬ್ರುವರಿಯ ನಸುಕು. ಗೋವಿನಜೋಳ ಮುರಿದು ಬರಿದಾದ ಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಮೆಣಸಿನಕಾಯಿಯ ಊರು, ಘಾಟು ಗಂಟಲು ಹಿಡಿದೀತು ಎಂದು ಕರವಸ್ತ್ರ ಕೈಯಲ್ಲಿ ಹಿಡಿದು ಕೂತಿದ್ದರೆ ಸದ್ಯಕ್ಕೆ ಅದನ್ನು ಕಿಸೆಗೆ ಇಡಬಹುದು. ಬಿಸಿಲಿಗೆ ಹರವಿದ ಹುಣಸೆಹಣ್ಣು, ಹೊಸ ಗೋಣಿಚೀಲದ ನಾರು, ಎಲ್ಲೋ ಒಂದಿಷ್ಟು ಬೆಲ್ಲ, ಇವೆಲ್ಲ ಕೂಡಿಕೊಂಡಂಥ ಒಂದು ಸಿಹಿಯಾದ ಒಣ ಕಂಪು ಮೊದಲು ಬರುತ್ತದೆ. ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತುಂಬಿ ಅಟ್ಟದ ಮೇಲಿಟ್ಟ ಹರವಿಯ ಬಾಯಿಬಟ್ಟೆಯನ್ನು ಅಜ್ಜಿ ಬಿಚ್ಚಿದಾಗ ಬರುತ್ತಿತ್ತಲ್ಲ, ಅದೇ. ಇಲ್ಲಿ ಇಡೀ ಊರೇ ಬಾಯಿ ಬಿಚ್ಚಿದ ಹರವಿ.

ಘಾಟು ಬರುತ್ತದೆ, ಆಮೇಲೆ. ಬಸ್ಸಿನಿಂದ ಇಳಿದು ಎಪಿಎಂಸಿ ಪ್ರಾಂಗಣದ ಗೇಟು ದಾಟಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮೂಗಿನ ತುದಿ ಚುರುಗುಟ್ಟಿ, ಕಣ್ಣಂಚು ಒದ್ದೆಯಾಗಿ, ಒಂದರ ಬೆನ್ನಿಗೆ ಒಂದು ನಾಲ್ಕು ಸೀನು. ಚಹಾದ ಗಾಡಿಯ ಹತ್ತಿರ ನಿಂತಿದ್ದ ಮುದುಕರೊಬ್ಬರು ಬಸಿಯಿಂದ ಬಾಯಿ ತೆಗೆಯದೆ ನಕ್ಕರು. "ಹೊಸಬರು ಕಾಣ್ತೀರಿ. ಬಿಡ್ರಿ, ನಾಲ್ಕು ಸೀನಿಗೆ ಮೂಗು ಊರಿಂದ ಆಗತೈತಿ."

ಮೂಗು ಊರಿನದಾಯಿತು. ಇನ್ನು ಕಣ್ಣು.

ಸೋಮವಾರ ಮತ್ತು ಗುರುವಾರ ಇಲ್ಲಿಯ ಪೇಟೆಯ ದಿನಗಳು. ಸೋಮವಾರದ ಪೇಟೆ ಭಾನುವಾರ ಮಧ್ಯಾಹ್ನದಿಂದಲೇ ತುಂಬತೊಡಗುತ್ತದೆ. ರಾತ್ರಿಯೆಲ್ಲ ಒಂದರ ಹಿಂದೊಂದು ಲಾರಿ, ಟ್ರ್ಯಾಕ್ಟರ್, ಮಿನಿ ಲಾರಿ. ದೀಪದ ಬೆಳಕಿನಲ್ಲಿ ಅವುಗಳ ನಂಬರ್ ಪ್ಲೇಟು ಓದುತ್ತ ನಿಂತರೆ ಒಂದು ಭೂಪಟವೇ ಕಣ್ಣ ಮುಂದೆ ಹಾದುಹೋಗುತ್ತದೆ: ಕೆಎ 25 ಧಾರವಾಡ, ಕೆಎ 26 ಗದಗ, ಕೆಎ 34 ಬಳ್ಳಾರಿ, ಕೆಎ 36 ರಾಯಚೂರು, ಅವುಗಳ ನಡುವೆ ಕರ್ನೂಲು ಸೀಮೆಯ ಆಂಧ್ರದ ಗಾಡಿಗಳು. ಚಾಲಕನ ಪಕ್ಕದಲ್ಲಿ ಕಂಬಳಿ ಹೊದ್ದ ರೈತ, ಹಿಂದೆ ಚೀಲಗಳ ಮೇಲೆ ಮಗನೋ ಅಳಿಯನೋ ಕಾಲು ಚಾಚಿ ನಿದ್ದೆ. ಮೆಣಸಿನಕಾಯಿಯ ಚೀಲದ ಮೇಲೆ ಮಲಗುವುದು ಹತ್ತಿಯ ಅಂಡಿಗೆಯ ಮೇಲೆ ಮಲಗಿದಂತಲ್ಲ, ಮಗ್ಗುಲು ಬದಲಿಸಿದಾಗೆಲ್ಲ ಅಡಿಯಲ್ಲಿ ಒಣಗಿದ ಎಲೆ ತುಳಿದಂತೆ ಸರಬರ ಸದ್ದು. ಆದರೂ ರೈತ ಅದರ ಮೇಲೇ ಮಲಗುತ್ತಾನೆ. ಆರೇಳು ತಿಂಗಳ ದುಡಿಮೆ ಬೆನ್ನ ಕೆಳಗೆ ಇದೆಯೆಂಬುದು ನಿದ್ದೆಯಲ್ಲೂ ಗೊತ್ತಿರಬೇಕಲ್ಲ.

ಬೆಳಕು ಹರಿಯಿತು, ಬನ್ನಿ. ಕಾಲಿಡುವಾಗ ಸ್ವಲ್ಪ ನೋಡಿಕೊಳ್ಳಿ, ದಲಾಲಿ ಅಂಗಡಿಗಳ ಕಟ್ಟೆಯಿಂದ ರಸ್ತೆಯ ನಡುವಿನವರೆಗೂ ರಾಶಿಗಳು ಹಬ್ಬಿವೆ. ದೂರದಿಂದ ಕಂಡಾಗ ಎಲ್ಲ ಒಂದೇ ಕೆಂಪು. ಹತ್ತಿರ ಹೋದಂತೆ ಆ ಕೆಂಪು ಒಡೆಯುತ್ತ ಹೋಗುತ್ತದೆ. ಇದು ಕುಂಕುಮದ ಕೆಂಪು, ಆಚೆಯದು ಇಟ್ಟಿಗೆಯದು, ಮೂಲೆಯಲ್ಲಿರುವುದು ಮಾಗಿದ ನೇರಳೆಗೆ ಹತ್ತಿರವಾದ ಕಡುಗೆಂಪು. ಒಂದು ರಾಶಿಯಲ್ಲಿ ಅಲ್ಲಲ್ಲಿ ಬಿಳಿಚಿಕೊಂಡ ಕಾಯಿ, ಮಳೆಗೆ ಸಿಕ್ಕವು. ಇನ್ನೊಂದರಲ್ಲಿ ಕಪ್ಪು ಮಚ್ಚೆ, ಸರಿಯಾಗಿ ಒಣಗದೆ ಚೀಲ ಸೇರಿದವು. ಹೊಲದಲ್ಲಿ ಏನೇನಾಯಿತು ಎಂಬುದನ್ನು ರಾಶಿ ಮುಚ್ಚಿಡುವುದಿಲ್ಲ.

ಒಂದು ಕಾಯಿ ಕೈಗೆತ್ತಿಕೊಳ್ಳಿ. ಇದು ಬ್ಯಾಡಗಿ ಕಡ್ಡಿ. ನಿಮ್ಮ ನಡುಬೆರಳಿಗಿಂತ ಉದ್ದ, ಕಿರುಬೆರಳಿಗಿಂತ ಸಪೂರ. ಮೈತುಂಬ ಸುಕ್ಕು, ಅದೂ ಎಂಥ ಸುಕ್ಕು, ತೊಟ್ಟಿನಿಂದ ತುದಿಯವರೆಗೆ ಸಾಲು ಸಾಲಾಗಿ ಅಡ್ಡಡ್ಡ ಮಡಿಕೆ, ನೂರು ವರ್ಷ ದಾಟಿದ ಮುದುಕಿಯ ಕುತ್ತಿಗೆಯ ಹಾಗೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿ: ಬೀಜದ ಸದ್ದು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಈಗ ಅದರ ಪಕ್ಕದ ರಾಶಿಯಿಂದ ಒಂದು ಡಬ್ಬಿ ಆರಿಸಿ. ಗಿಡ್ಡ, ಉಬ್ಬಿದ ಹೊಟ್ಟೆ, ಹೆಸರಿಗೆ ತಕ್ಕ ಆಕಾರ. ಅಲುಗಿಸಿದರೆ ಮಗುವಿನ ಗಿಲಕಿಯಂತೆ ಬೀಜ ಗಲಗಲ ಎನ್ನುತ್ತದೆ. ಮಸಾಲೆ ಕುಟ್ಟುವವರಿಗೆ ಡಬ್ಬಿಯೇ ಬೇಕು, ಅದರ ಪರಿಮಳ ಬೇರೆ. ಎರಡನ್ನೂ ಮುರಿದು ನಾಲಿಗೆಯ ತುದಿಗೆ ಮುಟ್ಟಿಸಲು ಹೆದರಬೇಕಾಗಿಲ್ಲ. ಇಷ್ಟು ಕೆಂಪಗಿದ್ದೂ ಇದು ಸುಡುವ ಕಾಯಿಯಲ್ಲ. ಗುಂಟೂರಿನ ಕಾಯಿ ಬಾಯಿಗೆ ಬಿದ್ದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಬ್ಯಾಡಗಿಯದು ಬಣ್ಣದ ಕಾಯಿ, ಖಾರ ಅದಕ್ಕೆ ಎರಡನೆಯದು.

ಹೊತ್ತು ಏರುತ್ತಿದ್ದಂತೆ ಖರೀದಿದಾರರು ಬರುತ್ತಾರೆ. ಬಿಳಿ ಅಂಗಿ, ಕೈಯಲ್ಲೊಂದು ಮೊಬೈಲು, ಕಣ್ಣಲ್ಲಿ ಆತುರವೇ ಇಲ್ಲ. ಒಬ್ಬೊಬ್ಬರೂ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೇಲಿನ ಕಾಯಿ ಬಿಟ್ಟು, ಮೊಣಕೈವರೆಗೆ ಕೈ ತೂರಿಸಿ ಒಳಗಿನ ಹಿಡಿ ತೆಗೆಯುತ್ತಾರೆ. ಮುಷ್ಟಿ ಬಿಗಿಯುತ್ತಾರೆ, ಬಿಡುತ್ತಾರೆ. ಕಾಯಿ ಗರಗರ ಮುರಿದರೆ ಅತಿಯಾಗಿ ಒಣಗಿದೆ, ಸಾಗಣೆಯಲ್ಲಿ ಪುಡಿಯಾದೀತು. ಚರ್ಮದಂತೆ ಬಾಗಿ ಮತ್ತೆ ನಿಧಾನವಾಗಿ ಬಿಚ್ಚಿಕೊಂಡರೆ ಹದ. ಅಂಗೈಗೆ ತಣ್ಣಗೆ ತಾಗಿದರೆ ಹಸಿ, ದರ ಅಲ್ಲಿಗೇ ಇಳಿಯಿತು. ಮುರಿದು ಒಳಸಿಪ್ಪೆ ನೋಡುತ್ತಾರೆ, ಮೂಸುತ್ತಾರೆ, ಒಂದು ಮಾತೂ ಆಡದೆ ಎದ್ದು ಮುಂದಿನ ರಾಶಿಗೆ ಹೋಗುತ್ತಾರೆ. ರಾಶಿಯ ಒಡೆಯ ಅಂಗಡಿಯ ಕಂಬಕ್ಕೆ ಒರಗಿ ಅವರ ಮುಖವನ್ನೇ ನೋಡುತ್ತಿರುತ್ತಾನೆ. ಪರೀಕ್ಷೆಯ ಫಲಿತಾಂಶದ ದಿನ ಶಾಲೆಯ ಅಂಗಳದಲ್ಲಿ ನಿಂತ ಹುಡುಗನ ಮುಖ ಅವನದು.

ಹಿಂದೆ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಈಗ ಅದೇ ಟೆಂಡರು ಆನ್‌ಲೈನಿನಲ್ಲಿ ನಡೆಯುತ್ತದೆ. ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ, ಗೊತ್ತಾದ ಗಳಿಗೆಯೊಳಗೆ ಯಾರು ಹೆಚ್ಚು ದರ ನಮೂದಿಸುತ್ತಾರೋ ಅವರಿಗೆ ಆ ರಾಶಿ. ದರ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಆದರೆ ಇನ್ನೂರು ಕಿಲೋಮೀಟರ್ ಆಚೆಯಿಂದ ಬಾಡಿಗೆ ಲಾರಿಯಲ್ಲಿ ಬಂದವನು ಬೇಡವೆಂದು ಎಲ್ಲಿಗೆ ಹೋದಾನು? ಊರ ಸುತ್ತ ಸಾಲಾಗಿ ಎದ್ದಿರುವ ಶೀತಲಗೃಹಗಳಿಗೆ. ಕಿಟಕಿಯಿಲ್ಲದ ಆ ಎತ್ತರದ ಕಟ್ಟಡಗಳನ್ನು ಹೊರಗಿನಿಂದ ಕಂಡರೆ ಒಳಗೆ ಏನೂ ಇಲ್ಲವೆನಿಸುತ್ತದೆ. ಒಳಗೆ ಕತ್ತಲೆ, ಚಳಿ, ಒಳ್ಳೆಯ ದರಕ್ಕಾಗಿ ಕಾಯುತ್ತಿರುವ ಕಾಯಿ. ಬಾಡಿಗೆ ಮಾತ್ರ ತಿಂಗಳು ತಿಂಗಳಿಗೂ ಬೆಳೆಯುತ್ತಿರುತ್ತದೆ.

ಒಂದು ಸಂಗತಿ ಇಲ್ಲಿಗೆ ಬಂದವರಲ್ಲಿ ಅನೇಕರಿಗೆ ಅಚ್ಚರಿ ತರುತ್ತದೆ. ಜಗತ್ತು ಬ್ಯಾಡಗಿಯದೆಂದು ಕರೆಯುವ ಈ ಕಾಯಿ ಬ್ಯಾಡಗಿಯ ಸುತ್ತಲಿನ ಹೊಲಗಳಲ್ಲಿ ಈಗ ಅಷ್ಟಾಗಿ ಕಾಣುವುದಿಲ್ಲ. ಊರ ಸುತ್ತ ಗೋವಿನಜೋಳ, ಹತ್ತಿ. ಮೆಣಸಿನಕಾಯಿಯ ತವರು ಉತ್ತರಕ್ಕಿದೆ, ಕುಂದಗೋಳ, ಹುಬ್ಬಳ್ಳಿ, ಗದಗಿನ ಎರಿ ಹೊಲಗಳಲ್ಲಿ. ಆ ಕಡೆಯ ಹಳೆಯ ಒಕ್ಕಲುತನವನ್ನು ನೋಡಬೇಕು. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ, ಮೂರೂ ಜೊತೆಯಲ್ಲಿ ಬೆಳೆಯುತ್ತವೆ. ಮುಂಗಾರು ಮಳೆಗೆ ಬಿತ್ತಿದ ಮೇಲೆ ಮೊದಲು ಉಳ್ಳಾಗಡ್ಡಿ ಕಿತ್ತು ಕೈಗೆ ನಾಲ್ಕು ಕಾಸು ಬರುತ್ತದೆ, ಅದು ಎದ್ದು ಹೋದ ಜಾಗದಲ್ಲಿ ಮೆಣಸಿನ ಗಿಡ ಮೈ ಚಾಚುತ್ತದೆ, ಚಳಿಗಾಲದಲ್ಲಿ ಹಣ್ಣು ಬಿಡಿಸಿದ ಮೇಲೂ ಹತ್ತಿ ಹೊಲದಲ್ಲೇ ನಿಂತು ಬಿಳಿಯಾಗಿ ಒಡೆಯುತ್ತದೆ. ಮಳೆ ಒಂದು ಬೆಳೆಗೆ ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತದೆ. ಇಂಥ ಲೆಕ್ಕಾಚಾರವನ್ನು ಯಾವ ಕಾಲೇಜೂ ಕಲಿಸಿದ್ದಲ್ಲ. ಬೀಜವನ್ನೂ ಮನೆಯಲ್ಲೇ ಆರಿಸಿ, ಬೂದಿ ಬೆರೆಸಿ ಕಟ್ಟಿಡುತ್ತಿದ್ದರು. ಈಗ ಬಳ್ಳಾರಿ, ರಾಯಚೂರಿನ ನೀರಾವರಿ ಹೊಲಗಳಿಂದ ಬರುವ ಕಾಯಿಗೆ ಹೆಸರಿಲ್ಲ, ಸಂಖ್ಯೆ ಇದೆ. "ಇದು 2043 ರೀ, ಅದು 5531" ಎಂದು ಹಮಾಲರ ಹುಡುಗ ರಾಶಿಗಳನ್ನು ತೋರಿಸುತ್ತ ಹೋಗುತ್ತಾನೆ, ಕಂಪನಿ ಬೀಜದ ಆ ಅಂಕಿಗಳೇ ಇಲ್ಲಿ ತಳಿಯ ಹೆಸರಾಗಿವೆ. ಎಕರೆಗೆ ಇಳುವರಿ ಹೆಚ್ಚು, ರೈತ ಅದನ್ನು ಹಾಕಿದನೆಂದು ದೂರುವುದು ಸರಿಯಲ್ಲ. ಆದರೆ ಮಳೆ ನಂಬಿದ ಎರಿ ಹೊಲದ ಸುಕ್ಕುಗಟ್ಟಿದ ಹಳೆಯ ಕಡ್ಡಿಯ ರಾಶಿ ಬಂದಾಗ ಇದೇ ಪೇಟೆಯ ಹಳಬರು ಎದ್ದು ಬಂದು ಒಂದು ಹಿಡಿ ಮೂಸಿ ಹೋಗುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಊರಿನ ಹೆಸರಿಗೆ ಕಾನೂನಿನ ಬೇಲಿ ಬಿತ್ತು. ಆ ಬೇಲಿಯೊಳಗೆ ಹಳೆಯ ಬೀಜ ಎಷ್ಟು ಉಳಿದೀತು ಎಂಬ ಕಳವಳ ನನಗಂತೂ ಇದೆ.

ಅಂದರೆ ಬ್ಯಾಡಗಿ ಬೆಳೆದು ದೊಡ್ಡದಾದ ಊರಲ್ಲ, ನೋಡಿ, ಹಿಡಿದು, ಬೆಲೆ ಕಟ್ಟಿ ದೊಡ್ಡದಾದ ಊರು. ಬಯಲುಸೀಮೆಯ ಎರಿ ಮುಗಿದು ಮಲೆನಾಡಿನ ಸೆರಗು ಶುರುವಾಗುವಲ್ಲಿ ಅದು ಕೂತಿದೆ. ಇತ್ತ ಜೋಳ, ಅತ್ತ ಭತ್ತ. ಬ್ರಿಟಿಷರ ಕಾಲಕ್ಕೆ ಇದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗಿನ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ರೈಲು ಹಳಿ ಇದೇ ಊರನ್ನು ಮುಟ್ಟಿಕೊಂಡು ಹೋಯಿತು. ಚಕ್ಕಡಿಯಲ್ಲಿ ಬಂದ ಸರಕು ಇಲ್ಲಿ ರೈಲು ಹತ್ತಬಹುದಾಯಿತು, ಪೇಟೆಗೆ ಇದಕ್ಕಿಂತ ಏನು ಬೇಕು. 1956ರಲ್ಲಿ ಏಕೀಕರಣವಾಗಿ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಧಾರವಾಡ ಒಡೆದಾಗ ಹಾವೇರಿ ಜಿಲ್ಲೆಯ ಪಾಲಾಯಿತು. ಮೇಲಿನ ಬೋರ್ಡುಗಳು ಬದಲಾಗುತ್ತ ಹೋದವು. ಪೇಟೆ ಮಾತ್ರ ನಿಲ್ಲಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆನಿಸಿದರೆ ಇದೇ ತಾಲ್ಲೂಕಿನ ಕಾಗಿನೆಲೆಗೆ ಹೋಗಬೇಕು, ಕನಕದಾಸರ ಆದಿಕೇಶವನ ಊರಿಗೆ. ಹದಿನಾರನೆಯ ಶತಮಾನದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೊನೆಗೆ ಬಡವರ ಧಾನ್ಯವಾದ ರಾಗಿಯನ್ನು ಗೆಲ್ಲಿಸಿದರು. ಆ ಜಗಳದಲ್ಲಿ ಮೆಣಸಿನಕಾಯಿಗೆ ಜಾಗವಿಲ್ಲ. ಇರುವುದಾದರೂ ಹೇಗೆ, ಅಮೆರಿಕದ ನೆಲದ ಈ ಗಿಡವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದಿಳಿಸಿದ್ದು ಹೆಚ್ಚುಕಡಿಮೆ ಅದೇ ಶತಮಾನದಲ್ಲಿ. ಅಲ್ಲಿಯವರೆಗೆ ನಮ್ಮ ಅಡಿಗೆಯ ಖಾರ ಹೆಚ್ಚಾಗಿ ಕರಿಮೆಣಸಿನದು. ಹೊಸದಾಗಿ ಬಂದ ಕಾಯಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ ಜನ ಮೆಣಸಿಗೇ ಒಂದು ಕಾಯಿ ಜೋಡಿಸಿ ಕರೆದರು. ಹೊರಗಿನಿಂದ ಬಂದದ್ದು ನಿಧಾನವಾಗಿ ಮನೆಯ ಯಜಮಾನನಾಯಿತು. ಕರಾವಳಿಯ ಕಡೆ ಪಾಪದ ಕರಿಮೆಣಸನ್ನು ಬೇರೆ ಮಾಡಿ ಹೇಳಲು ಒಳ್ಳೆಮೆಣಸು ಎನ್ನಬೇಕಾಗಿ ಬಂತು. ಇಂದಿಗೂ ಆ ಕರಾವಳಿಯೇ ಬ್ಯಾಡಗಿಯ ದೊಡ್ಡ ಅಭಿಮಾನಿ. ಉಡುಪಿಯ ಸಾರಿಗೆ, ಮಂಗಳೂರಿನ ಬಂಗುಡೆ ಗಸಿಗೆ ಆ ಕೆಂಪು ಬರುವುದು ಘಟ್ಟದ ಮೇಲಿನ ಈ ಕಾಯಿಯಿಂದ. ಅಲ್ಲಿಯ ಗೃಹಿಣಿ ಅಂಗಡಿಯಲ್ಲಿ ಮೆಣಸು ಕೊಡಿ ಎನ್ನುವುದಿಲ್ಲ, ಬ್ಯಾಡಗಿ ಕೊಡಿ ಎನ್ನುತ್ತಾಳೆ. ಊರನ್ನೇ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಹೋಗುತ್ತಾಳೆ.

ಪೇಟೆಯ ಗದ್ದಲದಲ್ಲಿ ನಾವು ದಾಟಿ ಬಂದ ಮೋಟೆಬೆನ್ನೂರನ್ನು ಮರೆಯುವುದು ತಪ್ಪಾಗುತ್ತದೆ. 1911ರಲ್ಲಿ ಅಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೆಜ್ಜೆ ಹಾಕಿದ ಏಕೈಕ ಕನ್ನಡಿಗ. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರ್ಕಾರ ಕೂಡಿಹಾಕಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ರೈತ ಬೆವರು ಸುರಿಸಿ ಕಟ್ಟಿದ ಕಂದಾಯ ಪರದೇಶಿಯ ಬೊಕ್ಕಸಕ್ಕೆ ಹೋಗಬಾರದು ಎಂಬ ಸಿಟ್ಟು ಅದು. ಈ ಸೀಮೆಯಲ್ಲಿ ಆ ಸಿಟ್ಟಿನ ಬೇರು ಆಳವಾಗಿದೆ.

ಮಧ್ಯಾಹ್ನ. ಟೆಂಡರಿನ ದರ ಬಿಟ್ಟ ಸುದ್ದಿ ಅಂಗಡಿಯಿಂದ ಅಂಗಡಿಗೆ ಹರಿಯುತ್ತದೆ. ಕಂಬಕ್ಕೆ ಒರಗಿದ್ದ ನಮ್ಮ ರೈತನ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. "ನಡೀತೈತಿ ಬಿಡ್ರಿ" ಎನ್ನುತ್ತಾನೆ. ಆ ಮಾತಿನ ಅರ್ಥ ಸಾಲದ ಬಡ್ಡಿ ಕಳೆಯುತ್ತದೆ, ಅಸಲು ಉಳಿಯುತ್ತದೆ ಎಂದು. ಈಗ ಹಮಾಲರ ಸರದಿ. ಚೀಲ ತುಂಬುವುದನ್ನು ಸ್ವಲ್ಪ ನಿಂತು ನೋಡಬೇಕು. ಚೀಲದ ಬಾಯಿ ಹಿಗ್ಗಿಸಿ ಇಬ್ಬರು ಹಿಡಿದರೆ ಮೂರನೆಯವನು ಬುಟ್ಟಿಯಿಂದ ಕಾಯಿ ಸುರಿಯುತ್ತಾನೆ, ಗಾಳಿಯಲ್ಲಿ ಕೆಂಪು ಧೂಳು ಏಳುತ್ತದೆ, ನಾಲ್ಕನೆಯವನು ಒಳಗಿಳಿದು ಕಾಲಿನಿಂದ ತುಳಿಯುತ್ತಾನೆ. ಮೆಣಸಿನಕಾಯಿ ಹಗುರ, ತುಳಿಯದಿದ್ದರೆ ಚೀಲದಲ್ಲಿ ತುಂಬಿದ್ದೆಲ್ಲ ಗಾಳಿಯೇ. ಧಪ್ ಧಪ್ ಎಂಬ ಆ ತುಳಿತ, ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿಯುವಾಗಿನ ಸರ್ ಸರ್ ಎಳೆತ, ತೂಕ ಕೂಗುವವನ ರಾಗ, ಎಲ್ಲ ಸೇರಿ ಪೇಟೆಗೆ ಒಂದು ತಾಳ ಬರುತ್ತದೆ. ಹಮಾಲರ ಕಾಲು ಮೊಣಕಾಲವರೆಗೂ ಕೆಂಪು, ಮದುವೆಮನೆಯಲ್ಲಿ ಓಕುಳಿಯಾಡಿ ಬಂದವರಂತೆ. ಹಣೆಯ ಬೆವರು ಒರೆಸಲು ಅವರು ಅಂಗೈ ಬಳಸುವುದಿಲ್ಲ, ತೋಳಿನ ಮೇಲ್ಭಾಗಕ್ಕೆ ಹಣೆ ಉಜ್ಜುತ್ತಾರೆ. ಅಭ್ಯಾಸ ಕಲಿಸಿದ ಎಚ್ಚರ.

ಈ ಚೀಲಗಳಲ್ಲಿ ಒಂದು ಪಾಲು ಅಡಿಗೆಮನೆ ಸೇರುವುದೇ ಇಲ್ಲ. ಕೇರಳದ ಕೊಚ್ಚಿಯ ಸುತ್ತಲಿನ ಕಾರ್ಖಾನೆಗಳ ಖರೀದಿದಾರರೂ ಈ ಪೇಟೆಗೆ ಬರುತ್ತಾರೆ. ಅವರಿಗೆ ಬೇಕಾದ್ದು ಕಾಯಿಯೊಳಗಿನ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಕಾಯಿಯನ್ನು ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಿ, ದ್ರಾವಕವನ್ನು ಆರಿಸಿದರೆ ಜೇನಿಗಿಂತ ಮಂದವಾದ ಕಡುಗೆಂಪು ಎಣ್ಣೆ ಉಳಿಯುತ್ತದೆ, ಅದೇ ಒಲಿಯೊರೆಸಿನ್. ಬಣ್ಣದ ಸಾಂದ್ರತೆಯನ್ನು ಆಸ್ಟಾ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಳ್ಳೆಯ ಬ್ಯಾಡಗಿ 150 ದಾಟಿ ಮೇಲಕ್ಕೆ ಹೋಗುತ್ತದೆ. ಆ ಎಣ್ಣೆ ಪೀಪಾಯಿಗಳಲ್ಲಿ ತುಂಬಿ ಹಡಗು ಹತ್ತುತ್ತದೆ, ಪರದೇಶದಲ್ಲಿ ಮಾಂಸದ ತಿನಿಸಿಗೆ, ಸಾಸಿಗೆ, ತುಟಿಯ ರಂಗಿಗೆ, ಉಗುರಿನ ಬಣ್ಣಕ್ಕೆ ಸೇರುತ್ತದೆ. ಯಾವುದೋ ಊರಿನ ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚಿಕೊಳ್ಳುವ ಹುಡುಗಿಗೆ ಕುಂದಗೋಳದ ಎರಿ ಹೊಲ ಗೊತ್ತಿಲ್ಲ, ಅದು ಅವಳ ತಪ್ಪಲ್ಲ. ಆದರೆ ನಮಗೆ ಗೊತ್ತಿರಬೇಕು.

ಪೇಟೆಯ ಹೊರಗೆ ಒಂದು ಸುತ್ತು. ಊರ ನಡುವಿನ ಮುಖ್ಯರಸ್ತೆ ಇಕ್ಕಟ್ಟು, ಗಜೇಂದ್ರಗಡದಿಂದ ಸೊರಬಕ್ಕೆ ಹೋಗುವ ರಾಜ್ಯ ಹೆದ್ದಾರಿಯೂ ಅದೇ. ಚೀಲ ಹೇರಿದ ಲಾರಿ ಬಂದರೆ ಅಂಗಡಿಯವರು ಹೊರಗಿಟ್ಟ ಸಾಮಾನು ಒಳಗೆಳೆದುಕೊಳ್ಳಬೇಕು. ಗೋಣಿಚೀಲದ ಅಂಗಡಿ, ಗೊಬ್ಬರ ಬೀಜದ ಅಂಗಡಿ, ತೂಕದ ಯಂತ್ರ ರಿಪೇರಿ ಮಾಡುವವನು, ಬಂಗಾರದ ಅಂಗಡಿ, ಬಟ್ಟೆ ಅಂಗಡಿ: ಎಲ್ಲದರ ಕಣ್ಣೂ ಪೇಟೆಯ ದರದ ಮೇಲೆ. ಮಾಲು ಮಾರಿದವನು ಊರಿಗೆ ಹೋಗುವ ಮುಂಚೆ ಹೆಂಡತಿಗೊಂದು ಸೀರೆ ಕೊಂಡರೆ ಆ ವಾರ ಬಟ್ಟೆ ಅಂಗಡಿಯಲ್ಲೂ ಹಬ್ಬ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಬಟ್ಟಲಲ್ಲಿ ಕೆಂಪು ಖಾರ, ಅದರ ಮೇಲೆ ಹಸಿ ಎಣ್ಣೆ. ಬಾಯಿಗಿಟ್ಟ ಕೂಡಲೇ ಹುಳಿ, ಆಮೇಲೆ ಒಂದು ಸಣ್ಣ ಸಿಹಿ, ಖಾರ ಕೊನೆಗೆ, ಅದೂ ಮೆಲ್ಲಗೆ. ಊಟ ಬಡಿಸುವಾಕೆ "ಇನ್ನೊಂದೀಟು ಹಾಕ್ಲೇನ್ರಿ, ಉರಿಯಂಗಿಲ್ಲ" ಎಂದು ಕೇಳಿಯೇ ಕೇಳುತ್ತಾಳೆ. ಹಾಕಿಸಿಕೊಳ್ಳಿ.

ಉರಿದದ್ದು ಒಮ್ಮೆ, 2024ರ ಮಾರ್ಚ್ 11ರ ಸೋಮವಾರ. ಅದಕ್ಕೆ ಕಾರಣ ಹುಡುಕುತ್ತ ಹೋದರೆ ಎರಡು ಮೂರು ವರ್ಷ ಹಿಂದಕ್ಕೆ ಹೋಗಬೇಕು. 2021–22ರಲ್ಲಿ ಕಪ್ಪು ಥ್ರಿಪ್ಸ್ ಎಂಬ ಹೊಸ ನುಸಿ ಹೂವಿಗೇ ಬಿದ್ದು ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ತೋಟಗಳನ್ನು ಒಣಗಿಸಿತು. ಕಾಯಿ ಕಡಿಮೆಯಾಯಿತು, ದರ ಏರಿತು, ಒಳ್ಳೆಯ ಡಬ್ಬಿಗೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದ ದಿನಗಳೂ ಬಂದವು. ಆ ದರ ಕೇಳಿದ ರೈತರು ಬೇರೆ ಬೆಳೆ ಬಿಟ್ಟು ಮೆಣಸಿನಕಾಯಿ ಹಾಕಿದರು, ನಾವಾದರೂ ಅದನ್ನೇ ಮಾಡುತ್ತಿದ್ದೆವು. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಪ್ರಾಂಗಣಕ್ಕೆ ಒಂದೊಂದು ಪೇಟೆಗೆ ಲಕ್ಷಗಟ್ಟಲೆ ಚೀಲ ಬರತೊಡಗಿ, ಹಿಡಿಸಲು ಜಾಗವಿಲ್ಲದಾಯಿತು. ಆ ಸೋಮವಾರ ದರ ಹಿಂದಿನ ಪೇಟೆಗಿಂತ ಸಾವಿರಾರು ರೂಪಾಯಿ ಕುಸಿದಿದ್ದನ್ನು ಕಂಡ ರೈತರ ತಾಳ್ಮೆ ಒಡೆಯಿತು. ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಬಂದ ವಾಹನವೂ ಸುಟ್ಟಿತು. ಪೊಲೀಸರಿಗೂ ಪೆಟ್ಟಾಯಿತು. ಹಾಗೆ ಸುಡುವುದು ಸರಿಯೆಂದು ನಾನು ಹೇಳಲಾರೆ. ಅಂದು ಕಂಬಕ್ಕೆ ಒರಗಿ ನಿಂತವನ ಜಾಗದಲ್ಲಿ ನಿಂತು ನೋಡದೆ, ರಾತ್ರಿಯೆಲ್ಲ ಚೀಲದ ಮೇಲೆ ಮಲಗಿ ಬಂದವನ ಲೆಕ್ಕ ಕೇಳದೆ, ಅವನನ್ನು ಪುಂಡನೆಂದು ಕರೆಯಲೂ ಆರೆ. ಬಣ್ಣಕ್ಕೆ ಆಸ್ಟಾ ಇದೆ, ತೇವಕ್ಕೆ ಯಂತ್ರ ಇದೆ. ಅವನ ಆರೇಳು ತಿಂಗಳಿಗೆ ಅಳತೆ ಎಲ್ಲಿದೆ?

ಇಳಿಹೊತ್ತಿಗೆ ಊರ ಅಂಚಿನ ಕಣಗಳ ಕಡೆ ಹೋಗೋಣ. ಕೊಂಡ ಕಾಯಿಯಲ್ಲಿ ಹಸಿ ಇದ್ದದ್ದನ್ನು ಇಲ್ಲಿ ಹರವಿ ಒಣಗಿಸುತ್ತಾರೆ. ಕಣ್ಣು ಹಾಯುವಷ್ಟು ದೂರ ನೆಲದ ಮೇಲೆ ಕೆಂಪು ಜಮಖಾನ, ನಡುನಡುವೆ ಕಾಲುದಾರಿಯಷ್ಟು ಬಿಟ್ಟ ಗೆರೆ. ಹಕ್ಕಿಗಳು ಮಾತ್ರ ಹೆದರಿಕೆಯಿಲ್ಲದೆ ಇಳಿದು ಬೀಜ ಹೆಕ್ಕುತ್ತವೆ. ಅವುಗಳ ನಾಲಿಗೆಗೆ ಈ ಖಾರ ತಾಗುವುದೇ ಇಲ್ಲವಂತೆ.

ಕಣದ ಪಕ್ಕದ ತಗಡಿನ ಚಪ್ಪರದಡಿ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದಾರೆ. ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಟಂಟಂ ಹತ್ತಿ ಬಂದವರು. ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆಯ ಅಂಗಿ, ಮೂಗು ಬಾಯಿ ಮುಚ್ಚಿ ಸುತ್ತಿದ ಸೆರಗು, ಕಾಣುವುದು ಕಣ್ಣು ಮಾತ್ರ. ಅವರದು ತುಂಬು ಬಿಡಿಸುವ ಕೆಲಸ. ತುಂಬು ಎಂದರೆ ತೊಟ್ಟು. ಕಾಯಿಯೊಂದನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳಿನ ಉಗುರಿನಿಂದ ತೊಟ್ಟಿನ ಬುಡಕ್ಕೆ ಒಂದು ಒತ್ತು, ಒಂದು ತಿರುವು, ಟಕ್. ಕಾಯಿ ಮುಂದಕ್ಕೆ, ತೊಟ್ಟು ಹಿಂದಕ್ಕೆ. ಟಕ್, ಟಕ್, ಟಕ್. ಎಪ್ಪತ್ತು ಎಂಬತ್ತು ಜನರ ಬೆರಳಿನಿಂದ ಒಟ್ಟಿಗೆ ಬರುವ ಆ ಸದ್ದು ತಗಡಿನ ಮೇಲೆ ಹನಿಮಳೆ ಬಿದ್ದಂತಿರುತ್ತದೆ. ಕೂಲಿ ಕೆಜಿಯ ಲೆಕ್ಕ. ಒಂದು ಕೆಜಿ ಎಂದರೆ ನೂರಾರು ಕಾಯಿ, ನೂರಾರು ಟಕ್. ತೊಟ್ಟು ಇದ್ದರೆ ಪುಡಿಯ ಬಣ್ಣ ಮಾಸುತ್ತದೆ, ದೊಡ್ಡ ಗಿರಾಕಿಗಳು ತೊಟ್ಟು ತೆಗೆದದ್ದನ್ನೇ ಕೇಳುತ್ತಾರೆ. ಹಾಗಾಗಿ ಈ ಬೆರಳುಗಳಿಲ್ಲದೆ ಈ ಪೇಟೆಯಿಲ್ಲ. ದರದ ಹಲಗೆಯ ಮೇಲೆ ಅವರ ಹೆಸರು ಎಲ್ಲೂ ಇಲ್ಲ.

"ಅಕ್ಕಾರ, ಕೈ ಉರಿಯಂಗಿಲ್ಲೇನ್ರಿ?"

"ಉರೀತಾವ್ರಿ. ಹಗಲು ಗೊತ್ತಾಗಂಗಿಲ್ಲ, ಕೆಲಸದಾಗ ಮರೀತೀವಿ. ರಾತ್ರಿ ಮಕ್ಕಂಡ ಮ್ಯಾಲೆ ಚಾಲೂ ಆಗತೈತಿ. ಕೊಬ್ರಿ ಎಣ್ಣಿ ಹಚ್ಕೋತೀವಿ, ಮಜ್ಜಿಗ್ಯಾಗ ಅದ್ದತೀವಿ. ಈ ಕಾಯಿ ತಣ್ಣಗ ಐತ್ರಿ ಅಂತಾರ ಎಲ್ಲಾರೂ. ಬಾಯಿಗೆ ತಣ್ಣಗ ಐತ್ರಿ, ಕೈಗಲ್ಲ."

ಅವಳ ಅಂಗೈ ನೋಡಿದೆ. ಹೆಬ್ಬೆರಳಿನ ಉಗುರು ಸವೆದು ಅರ್ಧಚಂದ್ರನಾಗಿದೆ, ಅದರ ಸುತ್ತ ತೊಳೆದರೂ ಹೋಗದ ಕೆಂಪು ಗೆರೆ. ಯಾವ ಅಂಗಡಿಯಲ್ಲೂ ಮಾರಲು ಸಿಗದ ಉಗುರುಬಣ್ಣ.

ಆರು ಗಂಟೆಗೆ ಕೆಲಸ ಬಿಟ್ಟಿತು. ಸೆರಗು ಬಿಚ್ಚಿ, ಅಂಗಿ ಕೊಡವಿ, ಒಬ್ಬೊಬ್ಬರೇ ನಲ್ಲಿಯ ಮುಂದೆ ಕೂತು ಮೊಣಕೈವರೆಗೆ ಸಾಬೂನು ಹಚ್ಚತೊಡಗಿದರು. ರೈಲ್ವೆ ಸ್ಟೇಷನ್ನಿನ ಕಡೆಯಿಂದ ಗಾಡಿಯೊಂದು ಕೂಗಿತು. ಟಂಟಂ ಚಾಲಕ ಹಾರನ್ ಒತ್ತಿ ಅವಸರ ಮಾಡುತ್ತಿದ್ದ. ಚಪ್ಪರದ ಆಚೆ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದ್ದ ಕೂಸು ಎಚ್ಚರವಾಗಿ, ಅದನ್ನು ಕಾಯುತ್ತಿದ್ದ ಏಳೆಂಟು ವರ್ಷದ ಅಕ್ಕನ ಸೊಂಟ ಏರಿ, ತಾಯಿಯನ್ನು ಕಂಡದ್ದೇ ಎರಡೂ ಕೈ ಚಾಚಿ ಜಿಗಿಯಿತು. ತಾಯಿ ಎರಡು ಹೆಜ್ಜೆ ಹಿಂದೆ ಸರಿದಳು. "ತಡಿ ನನ್ನಪ್ಪಾ, ತಡಿ, ಕೈ ಖಾರ ಐತಿ." ಮತ್ತೊಮ್ಮೆ ನಲ್ಲಿಗೆ ಹೋದಳು, ಮತ್ತೊಮ್ಮೆ ಸಾಬೂನು ಹಚ್ಚಿದಳು, ಮೂಸಿ ನೋಡಿಕೊಂಡಳು. ಕೂಸು ಅಳು ತೆಗೆಯಿತು. ಆಗ ಅವಳು ಅಂಗೈಗಳನ್ನು ಆಚೆಗೆ ತಿರುಗಿಸಿ ಹಿಡಿದು, ಬೆರಳು ತಾಗದಂತೆ, ಎರಡೂ ಮೊಣಕೈಗಳ ನಡುವೆ ಅದನ್ನು ಎತ್ತಿಕೊಂಡು, ಅದರ ಕಣ್ಣೀರನ್ನು ಕೆನ್ನೆಯಿಂದ ಒರೆಸುತ್ತ ಟಂಟಂ ಹತ್ತಿದಳು.